ಚಿಶಾಲನ ತಟ್ಟೆ

ಹದಿನಾರು ವರ್ಷ ಕಾಂಗೋ ಕಾಡಿನಲ್ಲಿದ್ದು ಊರಿಗೆ ಮರಳಿದಾಗ ನನ್ನ ಗಂಟಿನಲ್ಲಿದ್ದದ್ದು ಸೊಂಟಕ್ಕೆ ಸುತ್ತುವ ಎರಡು ಚಿಟೆಂಗೆ ಬಟ್ಟೆ, ಒಂದು ಪಾತ್ರೆ, ಮತ್ತು ನನ್ನ ಗಂಡ ಚಿಶಾಲ ಒಬ್ಬನೇ ಕೂತು ಉಣ್ಣುತ್ತಿದ್ದ ಮರದ ತಟ್ಟೆ. ಸತ್ತವನ ತಟ್ಟೆಯನ್ನು ಯಾಕೆ ಹೊತ್ತು ತರುತ್ತೀಯ ಎಂದು ಹೆಂಗಸರು ಕೇಳಿದರು.

ದೇವರ ಹೆಸರೊಂದೇ ಸಾಕು, ಆಳುವ ಪಕ್ಷದ ಸದಸ್ಯತ್ವದ ಕಾರ್ಡು ಕೊಳ್ಳುವುದು ಇನ್ನೊಬ್ಬ ದೇವರಿಗೆ ಅಡ್ಡಬಿದ್ದಂತೆ ಎಂದು ನಮ್ಮ ಪ್ರಾರ್ಥನಾ ಸಭೆಯ ಹಿರಿಯ ಪೆಟೆಲೊ ಕಲಿಸಿದ್ದ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಪಕ್ಷದ ಹುಡುಗರು ಕಾರ್ಡು ಕೇಳುತ್ತ ಬಂದರು, ಇಲ್ಲವೆಂದವರ ಗುಡಿಸಲು ಸುಟ್ಟರು. ಮುಂದೆ ನಿಂತು ಬೆಂಕಿ ಇಡಿಸಿದವನು ಕಪಾಸ. ನಾವು ಉಟ್ಟ ಬಟ್ಟೆಯಲ್ಲೇ ಗಡಿ ದಾಟಿ ಕಾಂಗೋ ಸೇರಿದೆವು.

ಅಲ್ಲಿ ಉಪ್ಪಿಗೂ ಗತಿಯಿರಲಿಲ್ಲ. ಪೆಟೆಲೊ ತಿಂಗಳಿಗೊಮ್ಮೆ ಗಡಿಯ ಈಚೆಗೆ ದಾಟಿ ಬಂದು ಮೂಟೆ ಉಪ್ಪು ಒಯ್ಯುತ್ತಿದ್ದ. ಕಾರ್ಡಿಲ್ಲದವರನ್ನು ಬಸ್ಸಿಗೂ ಹತ್ತಿಸದ ಕಾಲ ಅದು. ಪೊಲೀಸರ ಕಣ್ಣಿಗೆ ದೇವರು ಪೊರೆ ಕಟ್ಟುತ್ತಾನೆಂದು ನಾವು ನಂಬಿದೆವು. ಆ ಉಪ್ಪಿನ ಮೇಲೆ ಭಜನೆಯನ್ನೂ ಕಟ್ಟಿದೆವು, ಅದರ ಮೊದಲ ಸಾಲು ನನ್ನದೇ.

ಆರನೆಯ ವರ್ಷ ಚಿಶಾಲನ ತಾಯಿ ತೀರಿಕೊಂಡಳೆಂದು ಸುದ್ದಿ ಬಂತು. ತಾಯಿಗೆ ಮಣ್ಣು ಹಾಕಲು ಹೊರಟವನು ಬಸ್ಸು ಹತ್ತುವುದಕ್ಕಾಗಿ ಕಾರ್ಡು ಕೊಂಡ. ವಾಪಸು ಬಂದು ತಾನೇ ಅದನ್ನು ಪೆಟೆಲೊನ ಮುಂದಿಟ್ಟ. ಸುಳ್ಳು ಹೇಳಲು ಬಾರದ ಪೆದ್ದ. ಪೆಟೆಲೊ ಎಲ್ಲರೆದುರು ಕಾರ್ಡು ಸುಟ್ಟು ಅವನನ್ನು ಸಭೆಯಿಂದ ಹೊರಹಾಕಿದ. ನಮ್ಮಲ್ಲಿ ಮನೆಯವರೆಲ್ಲ ಒಂದೇ ತಟ್ಟೆಯಲ್ಲಿ ಉಣ್ಣುತ್ತೇವೆ. ಹೊರಹಾಕಿದವನಿಗೆ ಮಾತ್ರ ಬೇರೆ ತಟ್ಟೆ, ಅದರಲ್ಲಿ ಹೆಂಡತಿಯೂ ಕೈಯಿಡುವಂತಿಲ್ಲ.

ನಾನು ಕೈಯಿಡಲಿಲ್ಲ. ಏಳು ತಿಂಗಳು ಅವನ ಮುದ್ದೆಯನ್ನು ಆ ತಟ್ಟೆಗೆ ಹಾಕಿ, ಬೆನ್ನು ತಿರುಗಿಸಿ ಕೂತು ಉಂಡೆ. ಕೊನೆಯ ಜ್ವರದಲ್ಲಿ ಮಲಗಿದ್ದಾಗ ಅವನು ಕರೆದ.

"ಮ್ವಿಲಾ, ಒಂದ್ ತುತ್ತು ನನ್ ಜೊತೆ ಉಣ್ಣೇ."

ನಾನು ತಿರುಗಲಿಲ್ಲ. ಅವನನ್ನು ಸಭೆಯ ಸ್ಮಶಾನದ ಬೇಲಿಯಾಚೆ ಹೂತರು.

ಹದಿನಾರನೆಯ ವರ್ಷ ಸರ್ಕಾರ ನಮ್ಮನ್ನು ರಾಜಿಗೆಂದು ಊರಿಗೆ ಕರೆದಾಗ ನಾನು ಪೆಟೆಲೊನ ಬಳಿ ಹೋದೆ. ರಾಜಿಯ ದಿನ ಗಡಿಯಾಚೆ ಸತ್ತ ನಮ್ಮವರ ಹೆಸರು ಓದುವಾಗ ಚಿಶಾಲನದ್ದೂ ಸೇರಿಸಿ, ಬೇರೇನೂ ಬೇಡ ಎಂದು ಬೇಡಿಕೊಂಡೆ.

"ನೇಮ ಅಂದ್ರೆ ನೇಮ ಕಣಮ್ಮ," ಎಂದ. "ಸತ್ತ ಅಂತ ಸಡ್ಲ ಮಾಡೋಕಾಗುತ್ತಾ?"

ನಾನು ಗುಡಿಸಲಿಗೆ ಬಂದು ಚಿಶಾಲನ ತಟ್ಟೆಯನ್ನು ಗಂಟಿನಲ್ಲಿ ಕಟ್ಟಿದೆ.

ರಾಜಿಯ ದಿನ ಶಾಲೆಯ ಬಯಲಿನಲ್ಲಿ ಚಪ್ಪರ ಹಾಕಿದ್ದರು. ಬೆಂಕಿ ಇಡಿಸಿದ ಕಪಾಸ ಈಗ ಜಿಲ್ಲೆಯ ಗವರ್ನರ್. ಹಳೆಯದನ್ನು ಮರೆಯೋಣ ಎಂದ. ಪೆಟೆಲೊ ಕೊಟ್ಟ ನಲವತ್ತೊಂದು ಹೆಸರು ಓದಿಸಿದ, ಅದರಲ್ಲಿ ಚಿಶಾಲ ಇರಲಿಲ್ಲ. ಆಮೇಲೆ ಪೆಟೆಲೊನ ಹೆಗಲ ಮೇಲೆ ಕೈ ಹಾಕಿ, ಹೊಗಳುವ ಹುಮ್ಮಸ್ಸಿನಲ್ಲಿ ಹೇಳಿದ:

"ಈ ಹಿರಿಯರನ್ನ ಹೊರಗಿನೋರು ಅನ್ಬೇಡಿ. ಗಡಿ ದಾಟಿದ್ ವರ್ಷಾನೇ ನನ್ ಕೈಯಿಂದ್ಲೇ ಕಾರ್ಡ್ ತಗೊಂಡೋರು. ಒಂದ್ ವರ್ಷಾನೂ ತಪ್ಪಿಸ್ದೆ ಹೊಸ್ದು ಮಾಡಿಸ್ಕೊಂಡ್ರು."

ಚಪ್ಪಾಳೆ ಬಿತ್ತು. ಪೆಟೆಲೊ ನೆಲ ನೋಡುತ್ತ ನಿಂತ. ದೇವರು ಯಾರ ಕಣ್ಣಿಗೆ ಪೊರೆ ಕಟ್ಟಿದ್ದನೆಂದು ನನಗೆ ಆಗ ತಿಳಿಯಿತು. ತನ್ನ ಜೇಬಿನಲ್ಲಿ ಕಾರ್ಡು ಇಟ್ಟುಕೊಂಡೇ ಈ ಮನುಷ್ಯ ನನ್ನ ಗಂಡನದ್ದನ್ನು ಸುಟ್ಟಿದ್ದ. ನಾನು ಅವನ ಮಾತು ಕೇಳಿ ಗಂಡನಿಗೆ ಬೆನ್ನು ಹಾಕಿದ್ದೆ.

ಊಟಕ್ಕೆ ಕೂತಾಗ ಗಂಟು ಬಿಚ್ಚಿದೆ. ಚಿಶಾಲನ ತಟ್ಟೆಗೆ ಮುದ್ದೆ, ಒಣಮೀನು ಹಾಕಿ ಪೆಟೆಲೊನ ಮುಂದಿಟ್ಟೆ.

"ನೇಮ ಅಂದ್ರೆ ನೇಮ, ಅಲ್ವಾ ಹಿರಿಯರೇ? ಬೇರೆ ಕೂತು ಉಣ್ಣಿ."

ಸಭೆಯವರೆಲ್ಲ ಆ ತಟ್ಟೆಯನ್ನು ಗುರುತಿಸಿದರು. ಒಬ್ಬರಾದರೂ ಅವನ ಪಕ್ಕದಿಂದ ಸರಿಯುತ್ತಾರೆ ಎಂದು ಕಾದೆ. ಪಕ್ಕದಲ್ಲಿದ್ದ ಮುದುಕ ತಾವೆಲ್ಲ ಕೂಡಿ ಉಣ್ಣುವ ದೊಡ್ಡ ತಟ್ಟೆಯನ್ನೇ ಅವನ ಕಡೆಗೆ ಇನ್ನಷ್ಟು ಸರಿಸಿದ.

"ಇವತ್ತೊಂದಿನ ಬಿಡಮ್ಮ," ಎಂದ. "ಊಟದ ಹೊತ್ತು."

ಪೆಟೆಲೊ ಅದರಲ್ಲಿ ಕೈಯಿಟ್ಟ. ಎಲ್ಲರೂ ಅವನ ಜೊತೆ ಕೈಯಿಟ್ಟರು.

ನಾನು ಚಿಶಾಲನ ತಟ್ಟೆ ಎತ್ತಿಕೊಂಡು ಮಾವಿನ ಮರದ ಬುಡಕ್ಕೆ ಹೋದೆ. ಮುದ್ದೆ ಆರಿತ್ತು. ಅವನು ಕೇಳಿದ್ದ ಒಂದು ತುತ್ತನ್ನು, ಒಂಬತ್ತು ವರ್ಷ ತಡವಾಗಿ, ಅವನ ತಟ್ಟೆಯಲ್ಲಿ ಕೈಯಿಟ್ಟು ಉಂಡೆ.