ಕಸ್ತೂರಿಗೆ ಹೊಲಿದ ಏಪ್ರನ್

ನಾನು ಒಂದು ಏಪ್ರನ್. ಅಡುಗೆಮನೆಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಬಟ್ಟೆಯಲ್ಲ. ಡಾಕ್ಟರಿಕೆ ಓದುವ ಮಕ್ಕಳು ಬಟ್ಟೆಯ ಮೇಲೆ ತೊಡುವ ಬಿಳಿಯ ಕೋಟು. ಕಾಲೇಜಿನಲ್ಲಿ ನಮ್ಮನ್ನು ಏಪ್ರನ್ ಎಂದೇ ಕರೆಯುತ್ತಾರೆ.

ನಾನು ಹುಟ್ಟಿದ್ದು ಬೆಟಗೇರಿಯ ಹುಸೇನಸಾಬರ ಹೊಲಿಗೆ ಅಂಗಡಿಯಲ್ಲಿ. ಅಳತೆ ಕೊಡಲು ಬಂದ ಹುಡುಗಿಯ ಹೆಸರು ಕಸ್ತೂರಿ ಬಡಿಗೇರ. ಜೊತೆಗೆ ಅವಳ ಅಪ್ಪ ಬಂದಿದ್ದರು. ಬಾಗಿಲು, ಕಿಟಕಿ ಮಾಡುವ ಮನುಷ್ಯ. ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇತ್ತು.

"ಕಿಸೆ ದೊಡ್ಡವ ಇಡ್ರಿ ಸಾಹೇಬರ. ಕೆಲಸದ ಬಟ್ಟಿಗೆ ಕಿಸೆನ ಜೀವ" ಎಂದರು.

ಹುಸೇನಸಾಬರು ನಕ್ಕು, ಎರಡೂ ಕಡೆ ಅಂಗೈ ಮುಳುಗುವಷ್ಟು ಆಳದ ಕಿಸೆ ಇಟ್ಟರು. ಹೀಗೆ ನಾನು ಕಸ್ತೂರಿಯವನಾದೆ. ಮೊದಲ ವರ್ಷ ನನ್ನ ಮೈಗೆ ಹೆಣ ಕೊಯ್ಯುವ ಕೋಣೆಯ ವಾಸನೆ ಅಂಟಿತು. ಆಮೇಲೆ ವಾರ್ಡುಗಳ ವಾಸನೆ. ಅವಳು ಪ್ರತಿ ಭಾನುವಾರ ನನ್ನನ್ನು ನೀಲಿ ಹಾಕಿ ಒಗೆದು ಹಾಸ್ಟೆಲ್ಲಿನ ಮಾಳಿಗೆಯ ಮೇಲೆ ಒಣಗಿಸುತ್ತಿದ್ದಳು. ನನ್ನ ಪಕ್ಕದಲ್ಲಿ ಯಾವಾಗಲೂ ಇನ್ನೊಂದು ಏಪ್ರನ್ ಒಣಗುತ್ತಿತ್ತು. ಅದು ವಸುಧಾ ಇಟಗಿಯದು. ಇಬ್ಬರೂ ಒಂದೇ ಕೋಣೆಯವರು, ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಸ್ನೇಹ.

ನಾನು ಹೇಳಹೊರಟಿರುವುದು ಹೆಚ್ಚಾಗಿ ಈ ವಸುಧಾಳ ಕಥೆ. ನನ್ನ ಆಯುಷ್ಯದ ಬಹುಪಾಲು ಕಳೆದದ್ದು ಅವಳ ಬಳಿಯಲ್ಲೇ.

ಓದಿನ ಕೊನೆಯ ವರ್ಷಕ್ಕೆ ಹೋಗುವ ಮುಂಚೆ ಮಕ್ಕಳು ತಮಗೆ ಬೇಕಾದ ಬೇರೊಂದು ಆಸ್ಪತ್ರೆಯಲ್ಲಿ ಒಂದಷ್ಟು ವಾರ ಕಲಿಯಬಹುದು. ಅದಕ್ಕೆ ಇಲೆಕ್ಟಿವ್ ಎನ್ನುತ್ತಾರೆ. ಪುಣೆಯ ಒಂದು ದೊಡ್ಡ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಆ ವರ್ಷ ನಮ್ಮ ಕಾಲೇಜಿನಿಂದ ಒಬ್ಬರಿಗೆ ಮಾತ್ರ ಅವಕಾಶವಿತ್ತು. ವಸುಧಾಳೂ ಅರ್ಜಿ ಹಾಕಿದಳು, ಕಸ್ತೂರಿಯೂ ಹಾಕಿದಳು. ಲಸಿಕೆ ಹಾಕಿಸಿಕೊಂಡ ಪುರಾವೆ, ಪ್ರಾಂಶುಪಾಲರ ಶಿಫಾರಸು, ಫೋಟೋ ಎಂದು ಇಬ್ಬರೂ ಕೂಡಿಯೇ ಓಡಾಡಿದರು.

"ಯಾರಿಗೆ ಸಿಕ್ರೂ ಇನ್ನೊಬ್ಬರು ಮಿರ್ಚಿ ಕೊಡಸಬೇಕು" ಎಂದಳು ಕಸ್ತೂರಿ.

"ಸಿಕ್ಕವರು ಕೊಡಸಬೇಕಲೇ, ಹುಚ್ಚಿ" ಎಂದು ವಸುಧಾ ನಕ್ಕಳು.

ಅದೇ ದಿನಗಳಲ್ಲಿ ನಮ್ಮ ವಾರ್ಡಿಗೆ ನಿಂಬೆವ್ವ ಎಂಬ ಮುದುಕಿ ಬಂದಳು. ಹೆಗಲ ಮೇಲೆ ಬಳೆಗಳ ಮಲಾರ ಹೊತ್ತು ಊರೂರು ತಿರುಗಿ ಬಳೆ ತೊಡಿಸುವವಳು. ಸಕ್ಕರೆ ಕಾಯಿಲೆಯಿಂದ ಪಾದ ಕಪ್ಪಗಾಗಿತ್ತು. ಮೊಣಕಾಲಿನ ಕೆಳಗೆ ಕತ್ತರಿಸದೆ ಬೇರೆ ದಾರಿಯಿರಲಿಲ್ಲ. ಡಾಕ್ಟರರು ಒಬ್ಬರಾದ ಮೇಲೊಬ್ಬರು ಬಂದು ತಿಳಿಹೇಳಿದರು, ಗದರಿದರು. ಅವಳದು ಒಂದೇ ಮಾತು: "ಸಾಯ್ತೀನಿ, ಕಾಲ ಮಾತ್ರ ಕೊಡಂಗಿಲ್ಲ."

ಮಧ್ಯಾಹ್ನದ ಹೊತ್ತು ಉಳಿದವರು ಓದಲು ಹೋದಾಗ ಕಸ್ತೂರಿ ನನ್ನನ್ನು ತೊಟ್ಟುಕೊಂಡೇ ನಿಂಬೆವ್ವನ ಮಂಚದ ಬಳಿ ಕೂರುತ್ತಿದ್ದಳು. ಕಾಲಿನ ಮಾತೇ ಎತ್ತುತ್ತಿರಲಿಲ್ಲ. ಯಾವ ಊರಿಗೆಲ್ಲ ಹೋಗುತ್ತಿದ್ದೆ, ಯಾವ ಊರ ಹೆಂಗಸರದು ಬಳೆಯೇ ಏರದಂಥ ಬಿರುಸು ಕೈ, ಎಂದು ಕೇಳುತ್ತಿದ್ದಳು. ಮುದುಕಿ ಊರುಗಳ ಹೆಸರು ಹೇಳುತ್ತಾ ಹೇಳುತ್ತಾ ಒಂದು ದಿನ ನಡುವೆಯೇ ನಿಲ್ಲಿಸಿ ಮೆಲ್ಲಗೆ ಕೇಳಿದಳು.

"ಯವ್ವಾ, ತಗದ ಕಾಲನ್ನ ನೀವು ಏನ್ ಮಾಡ್ತೀರಿ? ಕಸದಾಗ ಒಗೀತೀರೇನು? ನಾಯಿ ತಿಂತಾವೇನು?"

ಅಷ್ಟು ದಿನ ಅವಳ ಹೊಟ್ಟೆಯೊಳಗೆ ಕೂತಿದ್ದ ಭಯ ಅದು. ಕಸ್ತೂರಿಗೆ ಉತ್ತರ ಗೊತ್ತಿರಲಿಲ್ಲ. ಎದ್ದುಹೋಗಿ ದೊಡ್ಡ ಡಾಕ್ಟರರನ್ನು ಕೇಳಿ ಬಂದಳು. ಮನೆಯವರು ಬೇಕೆಂದರೆ ಒಯ್ಯಬಹುದು ಎಂದಾಯಿತು. ಅದನ್ನು ಕೇಳಿ ಮುದುಕಿ ಕಾಲು ತೆಗೆಯಲು ಒಪ್ಪಿದಳು. ನಿಂಬೆವ್ವನ ಮಗ ಆ ಕಾಲನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಒಯ್ದು ಅಪ್ಪನ ಸಮಾಧಿಯ ಮಗ್ಗುಲಲ್ಲಿ ಹೂಳಿದ. ಗಾಯ ಮಾಗಿದ ಮೇಲೆ ಮುದುಕಿ ಬಾಯಿ ಬಿಟ್ಟು ನಕ್ಕಳು. "ಕಾಲ ಮುಂದ ಹೋಗೇತಿ. ನಾ ಸಾವಕಾಶ ಹಿಂದಿಂದ ಹೋಗ್ತೀನಿ."

ಈ ಕಥೆಯನ್ನು ಕಸ್ತೂರಿ ಕೋಣೆಯಲ್ಲಿ ವಸುಧಾಳಿಗೆ ಹೇಳಿದಳು. ಇಬ್ಬರೂ ನಕ್ಕರು.

ಇಂಟರ್ವ್ಯೂ ದಿನ ಬಂತು. ಗ್ರಂಥಾಲಯದ ಪಕ್ಕದ ಸಣ್ಣ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಪುಣೆಯ ಡಾಕ್ಟರರೊಂದಿಗೆ ಮಾತಾಡಬೇಕಿತ್ತು. ಮೊದಲು ವಸುಧಾ, ಆಮೇಲೆ ಕಸ್ತೂರಿ. ಅಂದು ಬೆಳಿಗ್ಗೆಯೇ ವಸುಧಾಳ ಏಪ್ರನ್ ಮೇಲೆ ಗಾಯಕ್ಕೆ ಹಚ್ಚುವ ಬೆಟಾಡಿನ್ ಚೆಲ್ಲಿ ಕಂದು ಕಲೆಯಾಗಿತ್ತು. ಕಸ್ತೂರಿ ಹಿಂದೆಮುಂದೆ ನೋಡದೆ ನನ್ನನ್ನು ಬಿಚ್ಚಿ ಅವಳ ಹೆಗಲಿಗೆ ಹಾಕಿದಳು. "ನಿಂದ ಮುಗಿದ ಮ್ಯಾಲ ನನಗ ಕೊಡು. ಹೋಗು, ಹೆದರಬ್ಯಾಡ."

ತೆರೆಯ ಮೇಲೆ ಮೂವರಿದ್ದರು. ನಡುವೆ ಕೂತ ನರೆಗೂದಲಿನ ಹೆಂಗಸು ಡಾ. ಪರಾಂಜಪೆ. "ನೀನು ನೋಡಿಕೊಂಡ ಒಬ್ಬ ರೋಗಿಯ ಬಗ್ಗೆ ಹೇಳು" ಎಂದರು. ವಸುಧಾ ಇದಕ್ಕೆ ತಯಾರಾಗಿಯೇ ಬಂದಿದ್ದಳು. ಅಪರೂಪದ ಒಂದು ಹೃದಯದ ಕಾಯಿಲೆಯ ಬಗ್ಗೆ ಪಟಪಟನೆ ಹೇಳತೊಡಗಿದಳು. ಡಾ. ಪರಾಂಜಪೆ ಕೈಯೆತ್ತಿ ತಡೆದರು. "ಅದು ರೋಗ. ನಾನು ಕೇಳಿದ್ದು ರೋಗಿ. ಆ ಮನುಷ್ಯನ ಹೆಸರೇನು? ಮನೆಯಲ್ಲಿ ಯಾರಿದ್ದಾರೆ?"

ವಸುಧಾಳಿಗೆ ಆ ಮನುಷ್ಯನ ಹೆಸರು ನೆನಪಾಗಲಿಲ್ಲ. ಅವಳ ಬೆನ್ನಿನ ಬೆವರು ನನಗೆ ತಾಗಿತು. ಎರಡೂ ಕೈ ನನ್ನ ಕಿಸೆಗಳಿಗೆ ಇಳಿದು ಮುಷ್ಟಿಯಾದವು. ಆಮೇಲೆ ಬಾಯಿ ತೆರೆದಳು. "ನಿಂಬೆವ್ವ ಅಂತ ಒಬ್ಬ ಅಜ್ಜಿ ಇದ್ದರು, ಮೇಡಂ. ನಾನು ದಿನಾ ಮಧ್ಯಾಹ್ನ ಅವರ ಹತ್ತಿರ ಕೂರುತ್ತಿದ್ದೆ..."

ಚೆನ್ನಾಗಿಯೇ ಹೇಳಿದಳು. ಕಸ್ತೂರಿಗಿಂತ ಚೆನ್ನಾಗಿ ಹೇಳಿದಳು. ಕೊನೆಗೆ ಮೂವರೂ ತಲೆದೂಗಿದರು.

ಅವಳು ಹೊರಗೆ ಬಂದಳು. ನನ್ನ ಗುಂಡಿ ಬಿಚ್ಚಲು ಕಸ್ತೂರಿಯೇ ನೆರವಾದಳು. "ಹೆಂಗಾತು?" ಎಂದು ಕೇಳಿದಳು. "ಹಂಗ ಆತು" ಎಂದಳು ವಸುಧಾ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗುಮಾಸ್ತರು ಕಸ್ತೂರಿಯ ಹೆಸರು ಕರೆದರು. ಬಾಗಿಲು ಮುಚ್ಚಿಕೊಂಡಿತು.

ಒಳಗೆ ಅದೇ ಪ್ರಶ್ನೆ. ಕಸ್ತೂರಿ ಒಂದಿಷ್ಟೂ ತಡವರಿಸದೆ, "ನಿಂಬೆವ್ವ ಅಂತ..." ಎಂದು ಶುರುಮಾಡಿದಳು. ಬಲಗಡೆಯವರು ಎಡಗಡೆಯವರನ್ನು ನೋಡಿ ನಕ್ಕರು. ಡಾ. ಪರಾಂಜಪೆ ನಗಲಿಲ್ಲ. "ಇದು ನಿನ್ನದೇ ಅನುಭವವೇ?" ಎಂದು ಕೇಳಿದರು. "ಹೌದು ಮೇಡಂ." "ಸರಿ" ಎಂದರು ಅವರು. ಮತ್ತೇನೂ ಕೇಳಲಿಲ್ಲ.

"ಅವರು ಯಾಕ ನಕ್ರು ಗೊತ್ತಾಗಲಿಲ್ಲ ವಸು" ಎಂದಳು ಹೊರಬಂದ ಕಸ್ತೂರಿ. "ನನ್ನ ಇಂಗ್ಲಿಷ್ ಕೇಳಿ ನಕ್ರೇನು?"

"ಇರಬೇಕು" ಎಂದಳು ವಸುಧಾ. ಆ ಒಂದು ಶಬ್ದ ಮೊದಲ ಸುಳ್ಳಿಗಿಂತ ಹೆಚ್ಚು ಭಾರವಾಗಿತ್ತೆಂದು ಅವಳಿಗೆ ಎಷ್ಟೋ ವರ್ಷ ಅನಿಸುತ್ತಲೇ ಇತ್ತು. ಆ ದಿನದಿಂದ ಕಸ್ತೂರಿ ಇಂಗ್ಲಿಷ್ ಮಾತಾಡಬೇಕಾದಲ್ಲೆಲ್ಲ ಅರ್ಧಕ್ಕೇ ನಿಲ್ಲಿಸತೊಡಗಿದಳು.

ಜಾಗ ವಸುಧಾಳಿಗೆ ಸಿಕ್ಕಿತು. ಹೊರಡುವ ದಿನ ಕಸ್ತೂರಿ ನನ್ನನ್ನು ಇಸ್ತ್ರಿ ಮಾಡಿ ತಂದು ಅವಳ ಚೀಲದಲ್ಲಿಟ್ಟಳು. "ಇದನ್ನ ತೊಟ್ಟಾಗ ನಿನಗ ಸಿಕ್ಕೈತಿ. ಇದ ಇರಲಿ ನಿನ್ನ ಜೋಡಿ." ವಸುಧಾ ಬೇಡವೆಂದಳು. ಬೇಡವೆನ್ನಲು ಕಾರಣ ಹೇಳಲಾರದೆ ಒಪ್ಪಿಕೊಂಡಳು.

ಪುಣೆಯಲ್ಲಿ ಡಾ. ಪರಾಂಜಪೆ ಅವಳನ್ನು ಎಲ್ಲರಿಗೂ ಪರಿಚಯಿಸಿದರು. "ಬಳೆಗಾರ್ತಿ ಅಜ್ಜಿಯ ಕಥೆ ಹೇಳಿದೆನಲ್ಲ, ಅದೇ ಹುಡುಗಿ." ಪ್ರತಿ ಸಲ ಹಾಗೆಂದಾಗಲೂ ವಸುಧಾ ತಲೆ ತಗ್ಗಿಸುತ್ತಿದ್ದಳು. ಎಷ್ಟು ವಿನಯ ಎಂದುಕೊಂಡರು ಅವರು.

ಒಂದು ಬೆಳಿಗ್ಗೆ ವಾರ್ಡಿಗೆ ಶರಣಮ್ಮ ಬಂದಳು. ಅಫಜಲಪುರದ ಕಡೆಯವಳು, ಕಟ್ಟಡದ ಕೆಲಸಕ್ಕೆ ಗಂಡನೊಂದಿಗೆ ಪುಣೆಗೆ ಬಂದವಳು. ಕಬ್ಬಿಣದ ತೊಲೆ ಬಿದ್ದು ಪಾದ ಜಜ್ಜಿ ಹೋಗಿ ಕೊಳೆಯತೊಡಗಿತ್ತು. ಕನ್ನಡ ಬಿಟ್ಟು ಬೇರೆ ಬಾರದು. ಕಾಲು ತೆಗೆಯಲು ಅವಳು ಒಪ್ಪಲಿಲ್ಲ.

"ಇದು ನಿನ್ನ ಕೆಲಸ" ಎಂದರು ಡಾ. ಪರಾಂಜಪೆ. "ನಿನ್ನ ಭಾಷೆ, ನಿನಗೆ ಗೊತ್ತಿರುವ ದಾರಿ. ತಡಮಾಡಿದರೆ ನಂಜು ಮೈಗೆಲ್ಲ ಏರುತ್ತದೆ."

ವಸುಧಾ ಹೋಗಿ ಶರಣಮ್ಮನ ಬಳಿ ಕೂತಳು. ಕಸ್ತೂರಿ ಕೇಳಿದಂತೆಯೇ ಯಾವೂರು, ಎಲ್ಲೆಲ್ಲಿ ಕೆಲಸ ಮಾಡಿದ್ದೀರಿ ಎಂದು ಕೇಳಿದಳು. ಶರಣಮ್ಮ ಮುಖ ತಿರುಗಿಸಿದಳು. ವಸುಧಾ ಬಿಡಲಿಲ್ಲ. "ತೆಗೆದ ಕಾಲನ್ನ ನಿಮ್ಮ ಮನೆಯವರಿಗೇ ಕೊಡ್ತಾರ್ರೀ, ಹೂಳಬಹುದು" ಎಂದಳು.

ಶರಣಮ್ಮ ಕಣ್ಣು ಕೆಕ್ಕರಿಸಿ ನೋಡಿದಳು. "ಹೂಳಾಕ ನಮಗ ಇಲ್ಲಿ ಜಾಗ ಎಲ್ಲಿ ಅದ ರೀ? ಮಕ್ಕೊಳಾಕ ಜಾಗ ಇಲ್ಲ. ಹೋಗ್ರಿ ಆಕಡೆ."

ಸಂಜೆಗೆ ಶರಣಮ್ಮನ ಜ್ವರ ಏರಿತು. ವಸುಧಾ ಮೆಟ್ಟಿಲ ಬಳಿ ಬಂದು ಕಸ್ತೂರಿಗೆ ಫೋನ್ ಮಾಡಿದಳು.

"ಕಸ್ತೂರಿ, ಇಲ್ಲಿ ಒಬ್ಬಾಕಿ ಕಾಲ ತಗಸಾಕ ಒಪ್ಪವಲ್ಲಳು, ಮಾತಾಡಾಕ ನನ್ನ ಕಳಿಸ್ಯಾರ. ನೀ ಅವತ್ತು ನಿಂಬೆವ್ವಗ ಏನ್ ಅಂದಿ? ಬರೋಬ್ಬರಿ ಹೇಳು."

"ಯಾಕ? ನಿನ್ನ್ಯಾಕ ಕಳಿಸಿದ್ರು ಇದಕ್ಕ? ನೀ ಇನ್ನೂ ಕಲಿಯಾಕ ಹೋದಾಕಿ."

ವಸುಧಾ ಗೋಡೆಗೆ ಒರಗಿದಳು. ನನ್ನ ಬೆನ್ನಿಗೆ ಸುಣ್ಣ ಹತ್ತಿತು. "ನಾ ಇಂಟರ್ವ್ಯೂದಾಗ ನಿಂಬೆವ್ವನ ಕಥಿ ಹೇಳಿದೆ. ನಾನ ಮಾಡಿದ್ದು ಅಂತ ಹೇಳಿದೆ. ಅದಕ್ಕ ನೀ ಹೇಳಿದಾಗ ಅವರು ನಕ್ಕಿದ್ದು."

 ಫೋನ್ ಇಟ್ಟಳೇನೋ ಎಂದು ವಸುಧಾ ತೆರೆ ನೋಡಿಕೊಂಡಳು. ಇಟ್ಟಿರಲಿಲ್ಲ.

"ನನ್ನ ಇಂಗ್ಲಿಷ್ ಕೇಳಿ ನಗಲಿಲ್ಲ ಹಂಗಾರ" ಎಂದಳು ಕಸ್ತೂರಿ ಕೊನೆಗೆ.  "ಆ ಹೆಣ್ಣಮಗಳನ್ನ ಮೊದಲ ನೋಡು. ನಿಂಬೆವ್ವ ಬ್ಯಾರೆ, ಈಕಿ ಬ್ಯಾರೆ. ನಾ ಏನೂ ಹೇಳಿರಲಿಲ್ಲ ವಸು, ಬರೇ ಕೇಳಿದ್ದೆ. ನಿನಗ ಏನೂ ಗೊತ್ತಿಲ್ಲ ಅಂತ ಹೇಳಿ ಕೇಳು. ನೀನು ಬಾಯಿ ಮುಚ್ಚಿಕೊಂಡು ಕೂಡು."

ಅಷ್ಟು ಹೇಳಿ ಇಟ್ಟುಬಿಟ್ಟಳು.

ವಸುಧಾ ಮುಖ ತೊಳೆದುಕೊಂಡು ಶರಣಮ್ಮನ ಬಳಿಗೆ ಹಿಂದಿರುಗಿದಳು. "ಮುಂಜಾನೆ ನಾ ಹೇಳಿದ್ದು ತಪ್ಪಾತ್ರಿ. ನಿಮಗ ಯಾತರ ಹೆದರಿಕಿ ಅಂತ ನನಗ ಗೊತ್ತಿಲ್ಲ" ಎಂದಷ್ಟೇ ಹೇಳಿ ಕೂತಳು.   ಹೊರಗೆ ವರಾಂಡದಲ್ಲಿ ಒಂದು ಕೂಸು ಅಳತೊಡಗಿತು. ಶರಣಮ್ಮನ ಸೀರೆಯ ಎದೆಭಾಗ ಒದ್ದೆಯಾಯಿತು.

"ನಿಮ್ಮ ಕೂಸೇನ್ರೀ?"

ಶರಣಮ್ಮ ಬಾಗಿಲ ಕಡೆ ನೋಡಿದಳು. "ಮೊಲಿ ಕುಡಿಯೂ ಕೂಸದ. ಆ ಮಬ್ಬಿನ ಸೂಜಿ ಚುಚ್ಚಿದ್ರ ಹಾಲೆಲ್ಲ ವಿಷ ಆಗ್ತದಂತ. ನಾ ಉಳದು ಅದು ಸತ್ರ ಏನ್ ಮಾಡ್ಲಿ?"

ವಸುಧಾ ಓಡಿದಳು. ಅರಿವಳಿಕೆಯ ಡಾಕ್ಟರರನ್ನು ಹುಡುಕಿ ಕರೆತಂದಳು. ಪೂರ್ತಿ ಎಚ್ಚರವಾದ ಮೇಲೆ ಹಾಲು ಕೊಡಬಹುದು, ಕೂಸಿಗೆ ಏನೂ ಆಗುವುದಿಲ್ಲ ಎಂದು ಅವರು ಹೇಳಿದರು. ವಸುಧಾ ಅದನ್ನು ಕನ್ನಡದಲ್ಲಿ ಮತ್ತೆ ಮತ್ತೆ ಹೇಳಿದಳು. ಶರಣಮ್ಮ ಕೂಸನ್ನು ಒಳಗೆ ತರಿಸಿ ಹೊಟ್ಟೆ ತುಂಬ ಕುಡಿಸಿದಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಕಾಲು ಹೋಯಿತು, ಜೀವ ಉಳಿಯಿತು. ಮರುದಿನ ಡಾ. ಪರಾಂಜಪೆ ಎಲ್ಲರ ಮುಂದೆ ಅವಳ ಬೆನ್ನು ತಟ್ಟಿದರು. "ಆ ಅಜ್ಜಿಗೆ ಮಾಡಿದ್ದನ್ನೇ ಇಲ್ಲೂ ಮಾಡಿ ತೋರಿಸಿದೆ." ಅವರ ಕೈ ನನ್ನ ಮೇಲಿತ್ತು. ನನ್ನ ಕೆಳಗೆ ವಸುಧಾಳ ಭುಜ ಕುಗ್ಗಿತು. ಅವರ ಕೋಣೆಗೆ ಹೋಗಿ ನಿಂತೇ ಎಲ್ಲವನ್ನೂ ಹೇಳಿದಳು.

ಡಾ. ಪರಾಂಜಪೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಹುಡುಗಿ ಹೌದು ಎಂದಾಗ ನಾನು ನಂಬಲಿಲ್ಲ. ಕದ್ದು ಹೇಳುತ್ತಿದ್ದಾಳೆ ಅಂದುಕೊಂಡೆ" ಎಂದರು. ದನಿ ಏರಿಸಲಿಲ್ಲ. "ಶರಣಮ್ಮನಿಗೆ ನಿನ್ನ ಭಾಷೆ ಬೇಕು. ಅವಳು ಎದ್ದು ಕೂರುವವರೆಗೆ ಇರು. ಪ್ರಮಾಣಪತ್ರ ಮಾತ್ರ ನನ್ನಿಂದ ಸಿಗುವುದಿಲ್ಲ."

ಅವರು ತಾವೇ ಕಸ್ತೂರಿಗೆ ಫೋನ್ ಮಾಡಿ ಕ್ಷಮೆ ಕೇಳಿದರಂತೆ. ಬಾ ಎಂದು ಕರೆದರಂತೆ. ಕಸ್ತೂರಿ ಬರಲಿಲ್ಲ. ಅಷ್ಟರಲ್ಲಿ ಅವಳು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ತನ್ನ ಇಲೆಕ್ಟಿವ್ ಶುರುಮಾಡಿದ್ದಳು. ಅಲ್ಲಿಯ ರೋಗಿಗಳನ್ನು ನಡುವೆ ಬಿಟ್ಟು ಬರುವುದಿಲ್ಲ ಎಂದಳಂತೆ.

ಊರಿಗೆ ಮರಳಿದ ವಸುಧಾ ನನ್ನನ್ನು ಒಗೆದು ಮಡಿಚಿ ಕಸ್ತೂರಿಯ ಮುಂದೆ ಹಿಡಿದಳು.

"ಬ್ಯಾಡ. ನಾ ಬ್ಯಾರೆ ಹೊಲಿಸೀನಿ" ಎಂದಳು ಕಸ್ತೂರಿ.

"ನನ್ನ ಬೈಯಿ ಕಸ್ತೂರಿ. ಏನಾದ್ರೂ ಅನ್ನು."

"ಬೈದ್ರ ನಿನಗ ಹಗುರ ಆಗ್ತೈತಿ. ನನಗ ಆಗಂಗಿಲ್ಲ."

ಅವರು ಜಗಳವಾಡಲಿಲ್ಲ. ಓದು ಮುಗಿಯುವ ತನಕ ಒಂದೇ ಕೋಣೆಯಲ್ಲಿದ್ದರು. ಉಪ್ಪು ಕೇಳಿದರೆ ಉಪ್ಪು ಕೊಡುತ್ತಿದ್ದರು. ಒಂದೇ ತಟ್ಟೆಯಲ್ಲಿ ಮಾತ್ರ ಮತ್ತೆ ಉಣ್ಣಲಿಲ್ಲ. ಈಗ ಕಸ್ತೂರಿ ಒಂದು ತಾಲ್ಲೂಕು ಆಸ್ಪತ್ರೆಯ ದೊಡ್ಡ ಡಾಕ್ಟರು. ದೀಪಾವಳಿಗೆ ಇಬ್ಬರೂ ಶುಭಾಶಯ ಕಳಿಸಿಕೊಳ್ಳುತ್ತಾರೆ, ಮಕ್ಕಳ ಕ್ಷೇಮ ಕೇಳುತ್ತಾರೆ.

ನಾನು ಬಹಳ ವರ್ಷ ವಸುಧಾಳ ಕಪಾಟಿನೊಳಗೆ ತೂಗಿದೆ. ಅವಳು ನನ್ನನ್ನು ತೊಡಲೂ ಇಲ್ಲ, ಎಸೆಯಲೂ ಇಲ್ಲ. ಕೊನೆಗೆ ಅವಳು ಕೆಲಸ ಮಾಡುವ ವಾರ್ಡಿನ ಸಿಸ್ಟರ್ ಫಿಲೋಮಿನಾ ಹಳೆಯ ಮೆತ್ತನೆಯ ಬಟ್ಟೆ ಬೇಕೆಂದು ಕೇಳಿದಾಗ, ಒಂದು ದಿನ ಯೋಚಿಸಿ ಕೊಟ್ಟಳು. ಸಿಸ್ಟರ್ ನನ್ನ ತೋಳು ಕತ್ತರಿಸಿ, ಕೂಸುಗಳನ್ನು ತೂಗುವ ತಕ್ಕಡಿಯ ಮೇಲೆ ಹಾಸಿದರು. ದಿನವೂ ಒದ್ದೆಯಾಗುತ್ತೇನೆ, ಒಣಗುತ್ತೇನೆ. ಸವೆದು ತೆಳ್ಳಗಾಗಿದ್ದೇನೆ. ಬಟ್ಟೆಯ ಕಲೆ ಬಿಸಿಲಿಗೂ ಸೋಪಿಗೂ ಸೋಲುತ್ತದೆ. ಮನುಷ್ಯರಿಗೆ ಆ ಸೌಲಭ್ಯವಿಲ್ಲವೆಂದು ಈ ಮೂಲೆಯಲ್ಲಿ ಬಿದ್ದುಕೊಂಡು ಎಷ್ಟೋ ಸಲ ಅಂದುಕೊಂಡಿದ್ದೇನೆ.

ವಸುಧಾ ಈಗ ಇದೇ ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಾಳೆ. ಯಾರಾದರೂ ರೋಗಿಯ ಬಗ್ಗೆ ಚೆನ್ನಾಗಿ ಹೇಳಿದರೆ, "ಇದನ್ನ ಮಾಡಿದವರು ಯಾರು? ಹೆಸರು ಹೇಳಿ" ಎಂದು ಕೇಳುತ್ತಾಳೆ. ಮೇಡಂಗೆ ಅದೊಂದು ಹುಚ್ಚು ಎಂದು ಮಕ್ಕಳು ಬೆನ್ನ ಹಿಂದೆ ನಗುತ್ತಾರೆ.

ಮೊನ್ನೆ ಒಬ್ಬಳು ಹುಡುಗಿ, ಕೇಳುವ ಮೊದಲೇ ಹೇಳಿದಳು. "ಇದನ್ನ ಕಂಡುಹಿಡಿದದ್ದು ನಾನಲ್ಲ ಮೇಡಂ, ನನ್ನ ರೂಮ್‌ಮೇಟ್. ನಾನು ಬರೇ ಪಕ್ಕದಾಗ ನಿಂತಿದ್ದೆ."

ವಸುಧಾ ಅವಳನ್ನೇ ನೋಡಿದಳು. "ಚೊಲೋ ಆತು" ಎಂದಳು. ಪಾಠವನ್ನು ಅಲ್ಲಿಗೇ ಬಿಟ್ಟಳು. ತಕ್ಕಡಿಯ ಬಳಿಗೆ ಬಂದು, ಸುಕ್ಕೇ ಇಲ್ಲದಿದ್ದ ನನ್ನನ್ನು ಅಂಗೈಯಿಂದ ಸವರಿ ಸವರಿ ಸರಿಮಾಡಿದಳು. ಆ ಅಂಗೈ ಬೆವರಿತ್ತು.