ಗೋಡೆಯೊಳಗಿನ ಮರದ ಗಂಟು

ಷೆಫೀಲ್ಡಿನ ನಮ್ಮ ಥಾರ್ನ್ ಕೋರ್ಟ್ ಕಟ್ಟಡವನ್ನು ಬರಿಯ ಕಾಂಕ್ರೀಟಾಗಿಯೇ ಬಿಡಬೇಕೆ, ಗಾರೆ ಬಳಿದು ಕೆನೆಬಣ್ಣ ಹಚ್ಚಬೇಕೆ ಎಂದು ನಗರಸಭೆಯವರು ನಮ್ಮನ್ನೇ ಕೇಳಿದ್ದರು. ಕೆಳಗಿನ ಹಾಲ್‌ನಲ್ಲಿ ಎರಡು ಚಿತ್ರ ತೂಗುಹಾಕಿದ್ದರು. ಹಾಗೇ ಇರಲಿ ಎನ್ನುವವರು ಎಡಗಡೆಯ ಚಿತ್ರಕ್ಕೆ ಹಸಿರು ಚುಕ್ಕಿ, ಬಣ್ಣ ಬೇಕೆನ್ನುವವರು ಬಲಗಡೆಯದಕ್ಕೆ ಕೆಂಪು ಚುಕ್ಕಿ ಅಂಟಿಸಬೇಕು. ನಾಲ್ಕು ಗಂಟೆಯವರೆಗೆ ಸಮಯ.

ಮೂವತ್ತೊಂದು ವರ್ಷದಿಂದ ನಾನು ಆ ಗೋಡೆಗಳನ್ನು ಬೈದುಕೊಂಡೇ ಬಂದವಳು. ಮಳೆ ಬಿದ್ದರಂತೂ ಇಡೀ ಕಟ್ಟಡ ಮುಖ ಊದಿಸಿಕೊಂಡು ಕೂತಂತೆ ಕಾಣುತ್ತದೆ. ಆದರೆ ಪಕ್ಕದ ಮನೆಯ ವಿಲ್ಫ್‌ಗೆ ಕಣ್ಣು ಕಾಣುವುದಿಲ್ಲ. ಕಾಂಕ್ರೀಟು ಸುರಿದಾಗ ಕಟ್ಟಿದ್ದ ಹಲಗೆಗಳ ಗೆರೆ, ಗಂಟುಗಳೆಲ್ಲ ಗೋಡೆಯಲ್ಲಿ ಅಚ್ಚೊತ್ತಿ ಉಳಿದಿವೆ. ಅವುಗಳ ಮೇಲೆ ಕೈಯಾಡಿಸುತ್ತ ಬಂದೇ ಅವನು ತನ್ನ ಬಾಗಿಲು ಹುಡುಕುವುದು. ಗಾರೆ ಬಳಿದರೆ ಅವನ ಗತಿ? ನಾನು ಬೆಳಿಗ್ಗೆಯೇ ಹೋಗಿ, ಮನಸ್ಸಿಲ್ಲದ ಮನಸ್ಸಿನಿಂದ ಹಸಿರು ಅಂಟಿಸಿ ಬಂದಿದ್ದೆ.

ಮಧ್ಯಾಹ್ನ ಅವನನ್ನು ಕರೆದುಕೊಂಡು ಹೋದಾಗ ಹಾಲ್‌ನಲ್ಲಿ ಜಗಳವೇ ನಡೆದಿತ್ತು.

"ಇಂಥ ಪ್ರಾಮಾಣಿಕ ಕಟ್ಟಡ ಈ ಊರಲ್ಲಿ ಇನ್ನೊಂದಿಲ್ಲ," ಎಂದು ವಿಶ್ವವಿದ್ಯಾಲಯದಿಂದ ಬಂದಿದ್ದ ಗಡ್ಡದವರು ಹೇಳುತ್ತಿದ್ದರು.

"ಜೈಲೂ ಪ್ರಾಮಾಣಿಕವಾಗೇ ಇರುತ್ತೆ ಸ್ವಾಮಿ," ಎಂದಳು ಮೀನು–ಚಿಪ್ಸ್ ಅಂಗಡಿಯ ಗ್ಲೆನಿಸ್. "ನೀವೆಲ್ಲಿರೋದು? ತೋಟದ ಮನೇಲಿ ತಾನೆ?"

ಇಬ್ಬರ ಮಾತೂ ನನಗೆ ಸರಿ ಎನಿಸಿತು. ಅದೇ ತೊಂದರೆ.

ಮೇಜಿನ ಹಿಂದಿದ್ದ ಹುಡುಗಿ ಬ್ರಯೊನಿ, ಯಾರೂ ಹೇಳದೆಯೇ, ಕೆಂಪು ಚುಕ್ಕಿಯ ಅಂಚನ್ನು ಕತ್ತರಿಯಿಂದ ಸ್ವಲ್ಪ ಕತ್ತರಿಸಿ ಎರಡನ್ನೂ ವಿಲ್ಫ್‌ನ ಕೈಗಿಟ್ಟಳು. "ತುಂಡಾಗಿರೋದು ಕೆಂಪು, ಗುಂಡಗಿರೋದು ಹಸಿರು, ತಾತ."

ವಿಲ್ಫ್ ಗುಂಡಗಿದ್ದುದನ್ನು ವಾಪಸು ಕೊಟ್ಟ.

"ಮಾರಾಯ, ತಪ್ಪು ಹಿಡಿದಿದ್ದೀಯ," ಎಂದೆ.

"ಇಲ್ಲ ಕಣಮ್ಮ. ಬಣ್ಣದ ಚಿತ್ರ ಯಾವ ಕಡೆ?"

ಎಡಗಡೆ ಎಂದುಬಿಡಲೇ ಅನಿಸಿತು. ಆದರೂ ಅವನ ಕೈ ಹಿಡಿದು ಬಲಕ್ಕೇ ಒಯ್ದೆ.

ಮೆಟ್ಟಿಲು ಹತ್ತುವಾಗ ಕೇಳಿದೆ, "ಯಾಕೆ ಹೀಗ್ಮಾಡ್ದೆ?"

"ಮೂವತ್ತು ವರ್ಷದಿಂದ ನಿನ್ನ ಗೊಣಗಾಟ ಕೇಳಿ ಕಿವಿ ತೂತಾಗಿದೆ. ಇರೋವಷ್ಟು ದಿನ ನೀನು ಚೆಂದದ ಗೋಡೆ ನೋಡು ಅಂತ, ಈನಿಡ್."

"ನಾನು ನಿನಗೋಸ್ಕರ ಹಸಿರು ಹಾಕಿದ್ದೀನಲ್ಲೋ!"

"ಯಾರು ಹೇಳಿದ್ರು ಹಾಕು ಅಂತ? ನಾನು ಹೆಜ್ಜೆ ಎಣಿಸೋದು ಕಲಿತಿದ್ದೀನಿ. ತಿಂಗಳಾಯ್ತು. ನೋಡ್ತಾ ಇರು."

ಎರಡು ಕೈಗಳನ್ನೂ ಜೇಬಿಗೆ ತುರುಕಿ, ತುಟಿಯಲ್ಲೇ ಎಣಿಸುತ್ತ ಮೂರನೇ ಅಂತಸ್ತಿನ ಉದ್ದಕ್ಕೂ ನೆಟ್ಟಗೆ ನಡೆದ. ನಿಂತ. ಬೀಗದ ಕೈ ತೆಗೆದು ಬಾಗಿಲಿಗೆ ತೂರಿಸಿದ. ತಿರುಗಲಿಲ್ಲ. "ಬೀಗ ತುಕ್ಕು ಹಿಡಿದಿರಬೇಕು," ಎಂದ.

ನಾನು ಅವನ ಇನ್ನೊಂದು ಕೈಯನ್ನು ಜೇಬಿನಿಂದ ಹೊರಗೆಳೆದು ಗೋಡೆಯ ಮೇಲಿಟ್ಟೆ. ಬೆರಳುಗಳು ಸ್ವಲ್ಪ ಹೊತ್ತು ತಡಕಾಡಿದವು.

"ಎರಡು ಗಂಟು, ಅಕ್ಕಪಕ್ಕ," ಎಂದ ಮೆಲ್ಲಗೆ. "ಇದು ನಿನ್ನ ಬಾಗಿಲು."

ನಾನೂ ಮುಟ್ಟಿ ನೋಡಿದೆ. ಇಷ್ಟು ವರ್ಷ ಇಲ್ಲಿದ್ದೂ ಅವು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಗೋಡೆಯೇನೂ ಚೆಂದ ಕಾಣಲಿಲ್ಲ, ನಿಜ ಹೇಳಬೇಕೆಂದರೆ.

"ನಡಿ," ಎಂದೆ.

"ಎಲ್ಲಿಗೆ?"

"ಹಾಲ್‌ಗೆ. ಇನ್ನೂ ಕಾಲು ಗಂಟೆ ಇದೆ. ಆ ಹುಡುಗಿ ನಿನ್ನ ಚುಕ್ಕಿ ಕೀಳೋಕೆ ಬಿಡ್ತಾಳೆ."

"ಆಗ ನಿನ್ನ ಚೆಂದದ ಗೋಡೆ?"

"ನನಗೇನು ಗೊತ್ತು ಮಾರಾಯ? ಮೊದ್ಲು ಬಾ."

ಅವನು ಗೋಡೆ ಹಿಡಿದೇ ಬಂದ.