ಮೆತ್ತೆಯ ಬಟ್ಟಲು ಅಲ್ಲೇ ಇರಲಿ

ಕುರ್ಚಿ ಮೇಸ್ತ್ರಿಯ ಹೆಂಡತಿ ಹಳೆಯ ಸೋಫಾ ಒಂದಕ್ಕೆ ಹೊಸ ಹೊದಿಕೆ ಎಳೆದು ಮೊಳೆ ಹೊಡೆಯುತ್ತಿದ್ದಳು. ತುಟಿಯ ನಡುವೆ ಮೊಳೆ, ಕೈಯಲ್ಲಿ ಗಂಡನ ಸುತ್ತಿಗೆ. ಅಷ್ಟರಲ್ಲಿ ಹಿಂಬಾಗಿಲ ಹತ್ತಿರ ಗಂಡ ಕಿರುಚಿದ.

"ಅಯ್ಯೋ, ಕಚ್ಚಿಬಿಡ್ತು ಕಣೇ!"

ಅವಳು ಮೊಳೆಗಳನ್ನು ಅಂಗೈಗೆ ಉಗುಳಿ, ಸುತ್ತಿಗೆಯನ್ನು ಕಿಟಕಿಯಲ್ಲಿಟ್ಟು ಓಡಿದಳು. ಅವರ ನಾಯಿ ಮೆತ್ತೆ ಮೂಲೆಗೆ ಒತ್ತಿಕೊಂಡು ಗಡಗಡ ನಡುಗುತ್ತಿತ್ತು. ಅದಕ್ಕೆ ಎರಡೂ ಕಣ್ಣು ಕಾಣುವುದಿಲ್ಲ. ಬೀದಿಪಾಲಾದ ನಾಯಿಗಳನ್ನು ಸಾಕುವ ಆಶ್ರಯಧಾಮದಿಂದ ಇವಳೇ ಹಟ ಹಿಡಿದು ತಂದಿದ್ದಳು.

ಕೂಗು ಕೇಳಿ ಎದುರುಮನೆಯ ನರ್ಸ್ ಬಂದಳು. ಅವಳಿಗೆ ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ.

"ಮೊದಲು ಕೈ ನಲ್ಲಿ ಕೆಳಗೆ ಹಿಡೀರಿ ಭಾವ. ಸೋಪು ಹಚ್ಚಿ ಕಾಲು ಗಂಟೆ ತೊಳೀರಿ. ಆಮೇಲೆ ಸೀದಾ ಡಾಕ್ಟರ ಹತ್ರ."

"ಬರೀ ಗೀರಿದೆ ಕಣಮ್ಮ."

"ಗೀರಿದ್ರೂ ಹೋಗ್ಬೇಕು. ನಾಯಿಗೆ ಲಸಿಕೆ ಆಗಿದ್ರೂ ಹೋಗ್ಬೇಕು."

ಮೇಸ್ತ್ರಿ ಸೂಜಿ ಚುಚ್ಚಿಸಿಕೊಂಡು ಬಂದವನೇ ಹೆಂಡತಿಗೆ ಹೇಳಿದ. "ಇವತ್ತೇ ಆ ಕಾಗದ ಬರಿ. ವಾಪಸ್ ಕರ್ಕೊಂಡು ಹೋಗಿ ಅಂತ ಬರಿ."

ಆ ಕಾಗದದ ವಿಷಯ ಹೀಗಿದೆ. ಆಶ್ರಯಧಾಮದವರು ನಾಯಿಯನ್ನು ಮೊದಲು ಒಂದಷ್ಟು ದಿನ ಇಟ್ಟುಕೊಂಡು ನೋಡಿ ಅಂತ ಕೊಡುತ್ತಾರೆ. ಸಾಕುತ್ತೀರಾ, ಬಿಡುತ್ತೀರಾ ಎಂದು ಗಂಡ ಹೆಂಡತಿ ಇಬ್ಬರೂ ರುಜು ಹಾಕಿ ಬರೆದು ಕಳಿಸಬೇಕು. ಗಡುವು ಯಾವಾಗಲೋ ಮುಗಿದಿತ್ತು. ಸಾಕುತ್ತೇವೆ ಅನ್ನಲು ಅವನು ಒಪ್ಪ. ಬಿಡುತ್ತೇವೆ ಅಂತ ಬರೆಯಲು ಅವಳಿಗೆ ಕೈ ಬಾರದು. ಲಕೋಟೆ ಮೇಲೆ ವಿಳಾಸ ಬರೆದದ್ದು ಬರೆದ ಹಾಗೇ ಇತ್ತು.

"ಆಗಲೇ ಎರಡು ಮನೆಯವರು ಬೇಡ ಅಂದಿದ್ದಾರೆ ರೀ. ನಾವೂ ಬೇಡ ಅಂದ್ರೆ ಇದನ್ನ ಇನ್ಯಾರು ಕೇಳ್ತಾರೆ?"

"ಮನೆ ತುಂಬ ಉಚ್ಚೆ. ಈಗ ಕಚ್ಚೋದು ಬೇರೆ. ನನ್ನ ಕೈಲಾಗಲ್ಲ."

ಇನ್ನೂ ಅಲ್ಲೇ ಇದ್ದ ನರ್ಸ್ ಕೇಳಿದಳು. "ಕಚ್ಚೋ ಮುಂಚೆ ನೀವೇನು ಮಾಡಿದ್ರಿ ಭಾವ?"

"ದಾರಿಗೆ ಅಡ್ಡ ಮಲಗಿತ್ತು, ಎತ್ಕೊಂಡೆ."

"ಮಾತಾಡಿಸಿದ್ರಾ?"

"ನಾಯಿ ಹತ್ರ ಅಪ್ಪಣೆ ಕೇಳ್ಬೇಕಾ?"

"ನೀವು ಗೊರಕೆ ಹೊಡೀವಾಗ ಯಾರೋ ಬಂದು ಸೊಂಟಕ್ಕೆ ಕೈ ಹಾಕಿ ಎತ್ತಿದ್ರೆ?"

"ಇವರನ್ನ ಎತ್ತೋಕೆ ನಾಲ್ಕು ಜನ ಬೇಕು!" ಅಂದಳು ಹೆಂಡತಿ. ಮೇಸ್ತ್ರಿ ನಗಲಿಲ್ಲ.

ಅವಳೇ ಮೆಲ್ಲಗೆ ಹೇಳಿದಳು. "ಪಾಪ, ಎಲ್ಲಾದರೂ ಡಿಕ್ಕಿ ಹೊಡ್ಕೊಳ್ಳುತ್ತೆ ಅಂತ ನಾನು ಎತ್ಕೊಂಡೇ ಓಡಾಡ್ತೀನಿ."

"ಎಡವಟ್ಟಾಗಿರೋದು ಅಲ್ಲೇ ಅಕ್ಕ. ಎತ್ತಿ ಎಲ್ಲೆಲ್ಲೋ ಇಳಿಸಿದ್ರೆ ತಾನೆಲ್ಲಿದೀನಿ ಅಂತ ಅದಕ್ಕೆ ಗೊತ್ತಾಗೋದು ಹೇಗೆ? ಬಾಗಿಲು ಯಾವ ಕಡೆ ಅಂತ ತಿಳೀದೆ ನಿಂತಲ್ಲೇ ಹೊಯ್ಯುತ್ತೆ. ನೆಲದ ಮೇಲೆ ಬಿಡಿ, ಮೂಸಿ ಮೂಸಿ ಕಲಿಯುತ್ತೆ."

"ಕಲಿತಂತೆ!" ಅಂದ ಮೇಸ್ತ್ರಿ. "ನಮ್ಮನೇಲಿ ಬೆಳಿಗ್ಗೆ ಇದ್ದ ಕುರ್ಚಿ ಸಂಜೆ ಇರಲ್ಲ. ಕಣ್ಣಿದ್ದೋರೇ ಎಡವ್ತಾರೆ."

ಹಾಗೆನ್ನುತ್ತ ಕೆಲಸಕ್ಕೆ ಕೂತ. ಅರ್ಧ ಆಗಿದ್ದ ಸೋಫಾದ ಮೇಲೆ ಕಣ್ಣಿಟ್ಟೇ, ಪಕ್ಕದ ಗೋಡೆಯ ಕೊಕ್ಕೆಗೆ ಕೈ ಚಾಚಿದ. ಸುತ್ತಿಗೆ ಇಲ್ಲ. ಕೈ ಗಾಳಿಯಲ್ಲಿ ತಡಕಾಡಿತು.

"ಯಾರು ನನ್ನ ಸುತ್ತಿಗೆ ಮುಟ್ಟಿದ್ದು? ಇಟ್ಟ ಕಡೆ ಒಂದು ಸಾಮಾನು ಇರೋ ಹಾಗಿಲ್ವಾ ಈ ಮನೇಲಿ!"

ಹೆಂಡತಿ ಕಿಟಕಿಯಿಂದ ಸುತ್ತಿಗೆ ತಂದಳು. ಆದರೆ ಕೊಡಲಿಲ್ಲ, ಹಿಡಿದುಕೊಂಡೇ ನಿಂತಳು.

"ರೀ, ಮೆತ್ತೆಯ ನೀರಿನ ಬಟ್ಟಲು ದಿನಕ್ಕೆ ಹತ್ತು ಕಡೆ ಇರುತ್ತೆ. ಅದು ಯಾರ ಮೇಲೆ ಕೂಗಾಡ್ಬೇಕು?"

ಮೇಸ್ತ್ರಿ ಖಾಲಿ ಕೊಕ್ಕೆಯನ್ನೊಮ್ಮೆ ನೋಡಿದ. ಆಮೇಲೆ ನರ್ಸ್ ಕಡೆ ತಿರುಗಿ, "ಸರಿ, ಏನು ಮಾಡ್ಬೇಕು ಹೇಳಮ್ಮ" ಅಂದ.

ಕೆಲಸ ಅವರಿಗೆ ಗೊತ್ತಿದ್ದದ್ದೇ ಆಗಿತ್ತು. ಹೆಂಡತಿ ಸೋಫಾಗಳಿಂದ ಕಿತ್ತ ದಪ್ಪ ಬಟ್ಟೆ ಸೇರಿಸಿ ಉದ್ದನೆಯ ಹಾಸು ಹೊಲಿದಳು. ನಾಯಿ ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿಂಬಾಗಿಲಿಗೆ ಅದನ್ನು ಹಾಸಿದರು. ಹಾಸಿನ ಮೇಲೆ ಒಂದು ಸ್ಟೂಲನ್ನೂ ಇಡುವಂತಿಲ್ಲ. ಮೇಜಿನ ಚೂಪು ಮೂಲೆಗೆ ಸ್ಪಂಜು ಸುತ್ತಲು ಹೆಂಡತಿ ಹೇಳಿದರೆ ಮೇಸ್ತ್ರಿ, "ಇದೊಂದೇ ಮೂಲೆ, ಮತ್ತೆ ಕೇಳ್ಬೇಡ" ಅಂದ. ಸಂಜೆಯ ಹೊತ್ತಿಗೆ ಮನೆಯ ಮೂಲೆಗಳೆಲ್ಲ ಮೆತ್ತಗಾಗಿದ್ದವು. ಮುಟ್ಟುವ ಮುಂಚೆ ಹೆಸರು ಹಿಡಿದು ಕರೆಯುವುದು ಇಬ್ಬರಿಗೂ ರೂಢಿಯಾಯಿತು. ದಿನವೂ ಹಗ್ಗ ಹಿಡಿದು ಅದೇ ದಾರಿಯಲ್ಲಿ ನಿಧಾನವಾಗಿ ನಡೆಸಿದರು.

ಒಂದು ಬೆಳಿಗ್ಗೆ ಮೇಸ್ತ್ರಿ ಕುರ್ಚಿಯೊಂದನ್ನು ತಲೆ ಮೇಲೆ ಹೊತ್ತು ಒಳಗೆ ಬಂದವನು ಹಾಗೇ ನಿಂತ. ಮೆತ್ತೆ ತಾನಾಗಿ ಎದ್ದಿತ್ತು. ಹಾಸನ್ನು ಮೂಸುತ್ತ ಬಟ್ಟಲಿಗೆ ಹೋಗಿ ಲೊಚಲೊಚ ನೀರು ಕುಡಿಯಿತು. ಹಿಂಬಾಗಿಲು ದಾಟಿ ಅಂಗಳದಲ್ಲಿ ಉಚ್ಚೆ ಹೊಯ್ದು ಬಂತು. ಆಮೇಲೆ ಅವನ ಕಾಲನ್ನು ಮೂಸಿ, ಪಾದದ ಮೇಲೆ ಗಲ್ಲ ಊರಿ ಮಲಗಿತು.

"ಲೇ, ಬಾರೇ ಇಲ್ಲಿ" ಅಂತ ಪಿಸುಗುಟ್ಟಿದ. "ಈ ಕುರ್ಚಿ ಇಳಿಸ್ಕೋ. ನಾನು ಅಲ್ಲಾಡೋ ಹಾಗಿಲ್ಲ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಎಷ್ಟೋ ದಿನದಿಂದ ಎದೆ ಮೇಲೆ ಕೂತಿದ್ದ ಭಾರ ಕುರ್ಚಿಯ ಜೊತೆಗೇ ಇಳಿದಂತಾಯಿತು.

ಅವತ್ತು ಮೇಸ್ತ್ರಿ ತಾನೇ ಕಾಗದ ಬರೆದ. "ಮೆತ್ತೆಯನ್ನು ನಾವೇ ಸಾಕುತ್ತೇವೆ. ತಡವಾಯಿತು. ತಪ್ಪು ನಾಯಿಯದಲ್ಲ." ಇಬ್ಬರೂ ರುಜು ಹಾಕಿದರು. ಅವನು ಚಪ್ಪಲಿ ಮೆಟ್ಟಿ ಬೀದಿಗಿಳಿದ.

ಅವನು ಅಂಚೆ ಡಬ್ಬಿ ತಲುಪುವುದರೊಳಗೆ ನಿಮಗೊಂದು ಮಾತು. ನಾಯಿ ಸಾಕುವ ಆಸೆ ಇದ್ದರೆ ಒಮ್ಮೆ ಆಶ್ರಯಧಾಮಕ್ಕೆ ಹೋಗಿ ಬನ್ನಿ. ಅಲ್ಲಿ ಕಣ್ಣಿಲ್ಲದ್ದು, ಕಿವಿ ಕೇಳದ್ದು, ಮೂರೇ ಕಾಲಿನದು ಇರುತ್ತವೆ. ಬರೀ ಮರುಕದಿಂದ ತರಬೇಡಿ, ಅದಕ್ಕೇನು ಬೇಕು ಅಂತ ಕೇಳಿ ತಿಳಿದು ತನ್ನಿ. ಔಷಧಿ ಏನು, ಖರ್ಚೆಷ್ಟು, ಯಾವುದಕ್ಕೆ ಹೆದರುತ್ತದೆ, ಎಲ್ಲ ಕೇಳಿ. ಮನೆಯವರೆಲ್ಲ ಒಪ್ಪಿದ ಮೇಲೆ ತನ್ನಿ. ತಂದ ಮೇಲೆ ಕಲಿಯಲು ಅದಕ್ಕೂ ಸಮಯ ಕೊಡಿ, ನಿಮಗೂ ಕೊಟ್ಟುಕೊಳ್ಳಿ. ಬಟ್ಟಲು ಇಟ್ಟಲ್ಲೇ ಇರಲಿ.

ಅಗೋ, ಮೇಸ್ತ್ರಿ ಡಬ್ಬಿ ತಲುಪಿದ. ವಿಳಾಸ ಇನ್ನೊಮ್ಮೆ ಓದಿಕೊಂಡು ಲಕೋಟೆಯನ್ನು ಒಳಗೆ ತೂರಿಸಿದ. ಅದು ತಳಕ್ಕೆ ಬಿದ್ದ ಸದ್ದು ಕೇಳಿದ ಮೇಲೆಯೇ ಮನೆಯ ಕಡೆ ತಿರುಗಿದ.